ಸೋದರಮಾವನಿಗಾಗಿ ಕಾದ ತೊಟ್ಟಿಲು

ಕೆಲವು ವರ್ಷಗಳ ಹಿಂದೆ, ದುಬೈಯ ಊದ್ ಮೇಥಾದ ಬಾಡಿಗೆ ಫ್ಲ್ಯಾಟಿಗೆ ನನ್ನ ಮಗಳು ಹೆಣ್ಣು ಮಗುವನ್ನು ಎತ್ತಿಕೊಂಡು ಬಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮದು ಅಳಿಯಕಟ್ಟು. ಬಳಿ, ಅಂದರೆ ಕುಲದ ಹೆಸರು, ಹೋಗುವುದು ತಾಯಿಯಿಂದ ಮಗಳಿಗೆ. ನನಗಿರುವುದು ಒಬ್ಬಳು ಮಗಳು, ಒಬ್ಬ ಮಗ. ಮೊಮ್ಮಗಳ ಮುಖ ನೋಡಿದಾಗ ನನ್ನ ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ ಎಲ್ಲರೂ ಬಾಗಿಲಲ್ಲಿ ಸಾಲಾಗಿ ಬಂದು ನಿಂತ ಹಾಗಾಯಿತು.

ಎದುರು ಮನೆಯಲ್ಲಿ ಇನ್ನೊಬ್ಬ ಅಜ್ಜಿ ಇದ್ದರು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಮಿನಾಂಗ್‌ಕಬಾವ್ ಜನ. ಅವರೂ ನನ್ನ ಹಾಗೆ ಮಗಳ ಬಾಣಂತನಕ್ಕೆ ವಿಸಿಟ್ ವೀಸಾದಲ್ಲಿ ಬಂದವರು. ನಮ್ಮ ಕಡೆಯ ಬ್ಯಾರಿ ಹೆಂಗಸರ ಹಾಗೆ ತಲೆಗೆ ಬಟ್ಟೆ ಸುತ್ತುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಉನಿ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅದೂ ಅಕ್ಕ ಎಂದೇ ಅಂತೆ. ಇಬ್ಬರಿಗೂ ತಂಗಿಯಾಗುವ ಆಸೆ. ಉಳಿದ ಮಾತೆಲ್ಲ ನಮ್ಮ ಹೆಣ್ಣುಮಕ್ಕಳ ಇಂಗ್ಲಿಷಿನಲ್ಲಿ ಆಚೆ ಈಚೆ ಹೋಗುತ್ತಿತ್ತು.

ಒಮ್ಮೆ ಅವರು ಫೋನಿನಲ್ಲಿ ಊರಿನ ಮನೆಯ ಪಟ ತೋರಿಸಿದರು. ಮಾಡಿನ ಎರಡು ತುದಿಯೂ ಕೋಣದ ಕೊಂಬಿನ ಹಾಗೆ ಆಕಾಶಕ್ಕೆ ಎದ್ದಿತ್ತು. "ಗಂಡನ ಮನೆ ಎಷ್ಟು ಚಂದ ಉಂಟು" ಎಂದೆ. ಮಗಳು ಅದನ್ನು ದಾಟಿಸಿದ್ದೇ ತಡ, ಅವರು ನಕ್ಕು ಏನೋ ಹೇಳಿದರು.

"ಅಮ್ಮ, ಅದು ಅವರ ಅಮ್ಮನ ಮನೆಯಂತೆ. ನಾನು ಯಾಕೆ ಅವನಲ್ಲಿಗೆ ಹೋಗ್ಲಿ, ಮದುವೆಯಲ್ಲಿ ಅವನನ್ನೇ ಮೆರವಣಿಗೆ ಮಾಡಿ ಕರ್ಕೊಂಡು ಬಂದದ್ದು ಅಂತಾರೆ."

ನಾನು ಅಳಿಯನ ಕಡೆ ನೋಡಿದೆ. "ಕೇಳಿತಾ?"

"ಪುಣ್ಯಕ್ಕೆ ಇದು ಬಾಡಿಗೆ ಮನೆ ಅತ್ತೆ" ಎಂದ ಆತ.

ಮನೆ, ಗದ್ದೆ, ಕುಲದ ಹೆಸರು ಎಲ್ಲವೂ ಅಲ್ಲಿ ಹೆಣ್ಣಿನದು. ಗಂಡುಮಕ್ಕಳು ಪ್ರಾಯಕ್ಕೆ ಬಂದರೆ ದುಡಿಯಲು ಊರು ಬಿಟ್ಟು ಹೋಗುವುದೇ ಮರ್ಯಾದೆ. ಕೊಂಬಿನ ಕಥೆಯನ್ನೂ ಹೇಳಿದರು. ಹಿಂದೆ ಒಬ್ಬ ರಾಜ ದಂಡು ಕಟ್ಟಿಕೊಂಡು ಬಂದನಂತೆ. ಜನ ಸಾಯುವುದು ಬೇಡ, ಕೋಣಗಳು ಕಾದಾಡಲಿ ಎಂದು ಒಪ್ಪಂದವಾಯಿತು. ರಾಜ ಬೆಟ್ಟದಂಥ ಕೋಣ ತಂದ. ಇವರು ಹಾಲು ಬಿಡದ ಕರುವನ್ನು ಹಸಿವಿನಲ್ಲಿಟ್ಟು, ಮೂತಿಗೆ ಚೂರಿ ಕಟ್ಟಿ ಬಿಟ್ಟರು. ಅದು ಕೆಚ್ಚಲು ಹುಡುಕುತ್ತಾ ಕೋಣದ ಹೊಟ್ಟೆಯ ಕೆಳಗೆ ನುಗ್ಗಿತು. ಅಲ್ಲಿಗೆ ಯುದ್ಧ ಮುಗಿಯಿತು, ಗೆದ್ದ ನೆನಪಿಗೆ ಮಾಡಿಗೆ ಕೊಂಬು ಬಂತು. ಕಂಬಳದ ಕೋಣ ನೋಡಿ ಬೆಳೆದ ನನಗೆ ಆ ಕೋಣದ ಮೇಲೆ ಕನಿಕರ ಬಂತು. ಆದರೂ ಎಂಥ ಬುದ್ಧಿಯ ಜನ!

ಇಷ್ಟರಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ಊರಿನ ಭಟ್ಟರಿಗೆ ಫೋನ್ ಮಾಡಿ ತೊಟ್ಟಿಲು ಹಾಕುವ ದಿನ ಕೇಳಿದ್ದೆ. ಎಲ್ಲರಿಗೂ ರಜೆ ಇರುತ್ತದಲ್ಲ ಎಂದು ಅವರು ಕೊಟ್ಟ ದಿನಗಳಲ್ಲಿ ನಾನೇ ಆದಿತ್ಯವಾರ ಹಿಡಿದಿದ್ದೆ. ಬಾಣಂತಿ ಮಗಳಿಗೆ ಹಗಲು ರಾತ್ರಿಯೇ ಗೊತ್ತಾಗುತ್ತಿರಲಿಲ್ಲ, ಇನ್ನು ವಾರ ಎಲ್ಲಿಂದ? ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುವ ಮಗನಿಗೆ ಹೇಳಿದೆ.

"ಎಂತ ಅಮ್ಮ, ಇಲ್ಲಿ ಆದಿತ್ಯವಾರ ಡ್ಯೂಟಿ ಅಲ್ವಾ. ರಜೆ ಶುಕ್ರವಾರ. ಹಡಗು ಬಂದಿದೆ, ಬರ್ಲಿಕ್ಕೆ ಆಗುದಿಲ್ಲ."

ನಮ್ಮಲ್ಲಿ ಮಗುವನ್ನು ಮೊದಲು ತೊಟ್ಟಿಲಿಗೆ ಹಾಕಬೇಕಾದವನು ಸೋದರಮಾವ. ಅವನಿಲ್ಲದೆ ಹೇಗೆ? ಭಟ್ಟರ ದಿನ ಬಿಡುವುದು ಹೇಗೆ?

"ನಾನು ಹಾಕಿದರೆ ಮಗು ಮಲಗುದಿಲ್ವಾ ಅತ್ತೆ?" ಎಂದ ಅಳಿಯ. ಒಳ್ಳೆಯ ಹುಡುಗ. ಆದರೆ ಅವನಿಗೆ ನನ್ನ ಸಂಕಟ ಅರ್ಥವಾಗಲಿಲ್ಲ.

ಅರ್ಥವಾದದ್ದು ಎದುರು ಮನೆಯ ಅಕ್ಕನಿಗೆ. ಅವರಲ್ಲಿ ಸೋದರಮಾವನಿಗೆ ಮಾಮಕ್ ಎನ್ನುತ್ತಾರೆ. ಅಕ್ಕತಂಗಿಯರ ಮಕ್ಕಳಿಗೆ ಬುದ್ಧಿ ಹೇಳುವವನು, ಮನೆಯ ಆಸ್ತಿಗೆ ಕಾವಲು ನಿಲ್ಲುವವನು ಅವನೇ. ಊರಲ್ಲಾದರೆ ಹಸುಗೂಸನ್ನು ಮೆರವಣಿಗೆಯಲ್ಲಿ ಹೊಳೆಗೆ ಒಯ್ದು ಮೊದಲ ನೀರು ಮುಟ್ಟಿಸುತ್ತಾರಂತೆ. ಇಲ್ಲಿ ಹೊಳೆ ಎಲ್ಲಿದೆ? ದೊಡ್ಡ ಬೇಸಿನ್ ತಂದು ಒರೆಸಿ ಇಟ್ಟಿದ್ದರು. ಶಾಸ್ತ್ರ ಮಾತ್ರ ಮಾಡಿರಲಿಲ್ಲ, ಹಡಗಿನಲ್ಲಿ ಕೆಲಸ ಮಾಡುವ ಮಗನಿಗಾಗಿ ಕಾಯುತ್ತಿದ್ದರು.

"ನಿಮ್ಮ ಮಗ ಎಲ್ಲಿದ್ದಾನೆ ಅಂತ ಕೇಳ್ತಾರೆ" ಎಂದಳು ಮಗಳು.

"ಜೆಬೆಲ್ ಅಲಿಯಲ್ಲಿ."

ಅಕ್ಕ ನನ್ನ ಮೊಣಕೈ ತಟ್ಟಿದರು. ಮಗಳು ನಗುತ್ತಾ ಹೇಳಿದಳು, "ನನ್ನವನು ಸಮುದ್ರದ ನಡುವೆ ಇದ್ದಾನೆ, ನಾನು ಕಾಯ್ತೇನೆ. ನಿನ್ನವ ಬಸ್ಸಲ್ಲಿ ಬರುವ ದೂರದಲ್ಲಿದ್ದಾನೆ, ನಿನಗೆ ಶುಕ್ರವಾರದವರೆಗೆ ತಡೆಯುದಿಲ್ವಾ ಅಂತಾರೆ."

ಅಲ್ಲಿಯೇ ಭಟ್ಟರಿಗೆ ಫೋನ್ ಹಚ್ಚಿದೆ. ಅವರೂ ನಕ್ಕರು. "ಮಾವ ಸಿಗುವ ದಿನವೇ ಮಾಡಿ ಮಾರಾಯ್ತಿ, ನಾನು ಹೊತ್ತು ನೋಡಿ ಹೇಳ್ತೇನೆ."

ಶುಕ್ರವಾರ ಮಗ ಹೊಸ ಅಂಗಿ ಹಾಕಿಕೊಂಡು ಬಂದ. ಅಕ್ಕ ತಲೆಗೆ ಕೊಂಬಿನ ಆಕಾರದಲ್ಲಿ ಜರಿಬಟ್ಟೆ ಕಟ್ಟಿಕೊಂಡು, ಪಾತ್ರೆ ಹಿಡಿದು ಬಂದರು. ಅದರಲ್ಲಿ ರೆಂದಾಂಗ್ ಇತ್ತು. ತೆಂಗಿನ ಹಾಲು ಪೂರ್ತಿ ಇಂಗಿ ಕಪ್ಪಾಗುವವರೆಗೆ ಅದನ್ನು ಬೇಯಿಸುತ್ತಾರೆ. ಊರಲ್ಲಿ ದನದ ಮಾಂಸ ಹಾಕುವವರು, ನಮ್ಮನ್ನು ನೆನೆದು ಕೋಳಿ ಹಾಕಿದ್ದರು. ಆ ಮರ್ಯಾದೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಗ ಕೂಸನ್ನು ಗಾಜಿನ ಸಾಮಾನಿನ ಹಾಗೆ ಹಿಡಿದು, ತಲೆ ಇಡುವಲ್ಲಿ ಕಾಲು ಇಡಲು ಹೊರಟ. ಅಜ್ಜಿಯರಿಬ್ಬರೂ ಒಟ್ಟಿಗೇ ಕೈ ಹಾಕಿ ತಿರುಗಿಸಿದೆವು. ಮಗು ತೊಟ್ಟಿಲಲ್ಲಿ ಆಕಳಿಸಿತು. ಕಣ್ಣು ತುಂಬಿ ನನಗೆ ಏನೂ ಕಾಣಿಸಲಿಲ್ಲ.

ಊಟಕ್ಕೆ ಕುಳಿತಾಗ ಮಗ ಅಕ್ಕನ ಮಗನ ಹಡಗಿನ ಹೆಸರು ಕೇಳಿ ಫೋನಿನಲ್ಲಿ ಬರೆದುಕೊಂಡ. "ನಮ್ಮ ಪೋರ್ಟಿಗೆ ಬಂದ್ರೆ ನಾನೇ ಹೇಳ್ತೇನೆ ಅಂತ ಹೇಳು" ಎಂದ ತಂಗಿಗೆ. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ರೆಂದಾಂಗ್ ಹಾಕಿದರು. ಅವನು ಬೇಡ ಎಂದರೂ ಮತ್ತೊಂದು ಹಾಕಿದರು.