ಮನೆ ತಪ್ಪಿದ ಬಟ್ಟೆಗಳು

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಇಸ್ತ್ರಿಯಮ್ಮ ಎಂದೇ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಮಡಚಿ ಹಾಸಿದ ಹಳೆಯ ಕಂಬಳಿ, ಭಾರದ ಇಸ್ತ್ರಿಪೆಟ್ಟಿಗೆ, ಚಿಮುಕಿಸಲು ಒಂದು ಪಾತ್ರೆ ನೀರು. ಅಷ್ಟೇ ಅವಳ ಸಾಮ್ರಾಜ್ಯ. ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದದ್ದು ಆ ಮೇಜಿನ ಮೇಲೆಯೇ. ಹಾಗೆಂದು ಮುಖ ಬಾಡಿಸಿಕೊಂಡು ಕೂರುವ ಹೆಂಗಸಲ್ಲ. ಬಾಯಿ ಕೊಂಚ ಜೋರು, ಕೈ ಅದಕ್ಕಿಂತ ಚುರುಕು.

ಅವಳಿಗೆ ಸಹಿಸಲಾಗದ್ದು ಆ ಕಟ್ಟಡದ ಮೌನ. ಮೆಟ್ಟಿಲಲ್ಲಿ ಎದುರಾದರೆ ಜನ ಮೊಬೈಲು ನೋಡುತ್ತ ಗೋಡೆಗೆ ಸರಿದುಕೊಳ್ಳುತ್ತಿದ್ದರು. ಒಬ್ಬರ ಚಾವಣಿಯೇ ಇನ್ನೊಬ್ಬರ ನೆಲ, ಆದರೂ ಮುಖಪರಿಚಯವಿಲ್ಲ. ಇವರೆಲ್ಲ ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ್ದಾರೇನೋ ಎಂದು ಗಂಡನ ಹತ್ತಿರ ಗೊಣಗುತ್ತಿದ್ದಳು.

ಮೊದಲ ತಪ್ಪು ನಿಜವಾಗಿಯೂ ತಪ್ಪೇ. ಕನ್ನಡಕ ರಿಪೇರಿಗೆ ಹೋಗಿದ್ದ ದಿನ ಬಸ್ ಡ್ರೈವರನ ಅಂಗಿ ಮೇಲಿನ ಮನೆಯ ಅಜ್ಜಿಯ ಬಟ್ಟೆಗಂಟು ಸೇರಿತು. ಅದನ್ನು ಕೊಡಲು ಅಜ್ಜಿ ಕೆಳಗಿಳಿದು ಬಾಗಿಲು ತಟ್ಟಿದರೆ, ತೆರೆದವಳು ಡ್ರೈವರನ ಹೆಂಡತಿ, ತುಂಬು ಬಸುರಿ, ಮನೆಯಲ್ಲಿ ಒಬ್ಬಳೇ. ಅಂಗಿ ಕೊಟ್ಟು ಬರಲು ಹೋದ ಅಜ್ಜಿ ಮರಳಿದ್ದು ಸಂಜೆಗೆ. ಮುಂದೆ ಹೆರಿಗೆಗೆ ಆಸ್ಪತ್ರೆಗೆ ಜೊತೆಯಲ್ಲಿ ಹೋದವರೂ ಅವರೇ. ಈಗ ಆ ಮಗು ತೊಟ್ಟಿಲಿಗಿಂತ ಹೆಚ್ಚು ಹೊತ್ತು ಇರುವುದು ಅಜ್ಜಿಯ ಸೊಂಟದ ಮೇಲೆ.

ಇದನ್ನು ಕಂಡ ಇಸ್ತ್ರಿಯಮ್ಮನ ತಲೆಗೆ ಹುಳ ಹೊಕ್ಕಿತು. ಆಮೇಲಿನ ತಪ್ಪುಗಳೆಲ್ಲ ಕನ್ನಡಕ ಹಾಕಿಕೊಂಡೇ ಆದವು. ಹೆಂಡತಿ ತೀರಿಕೊಂಡ ಮೇಲೆ ಊಟ ತಿಂಡಿ ಬಿಟ್ಟು ಸೊರಗಿದ್ದ ನಿವೃತ್ತ ಮೇಷ್ಟ್ರ ಮನೆಗೆ ಅದೇ ಕಟ್ಟಡದ ನರ್ಸಮ್ಮನ ಬಿಳಿ ಕೋಟು ಹೋಯಿತು. ಬೈದುಕೊಂಡೇ ಕೋಟು ಹುಡುಕಿ ಹೋದ ನರ್ಸಮ್ಮ, ಮೇಷ್ಟ್ರ ಮುಖ ನೋಡಿದವಳೇ ಅವರ ಕೈ ಹಿಡಿದು ನಾಡಿ ನೋಡಿದಳು. ಅಂದಿನಿಂದ ದಿನಾ ವಿಚಾರಿಸದೆ ಅವಳು ಡ್ಯೂಟಿಗೆ ಹೋಗುವುದಿಲ್ಲ.

ಆದರೆ ತಪ್ಪು ತಪ್ಪೇ ತಾನೆ. ಇಂಟರ್‌ವ್ಯೂ ದಿನ ಬೆಳಿಗ್ಗೆ ಒಬ್ಬ ಯುವಕನಿಗೆ ಪ್ಯಾಂಟೇ ಸಿಗದೆ ದೊಡ್ಡ ರಾದ್ಧಾಂತವಾಯಿತು. ದೂರು ಕಟ್ಟಡದ ಸಂಘದ ಕಾರ್ಯದರ್ಶಿಗಳಿಗೆ ಮುಟ್ಟಿತು. ಅವರು ಕೊನೆಯ ಮಹಡಿಯಲ್ಲಿ ಒಬ್ಬರೇ ಇದ್ದವರು. ಅವರ ಅಂಗಿಯೂ ಖಡಕ್ಕು, ಮಾತೂ ಖಡಕ್ಕು. ಅವರು ಒಂದು ಲಾಂಡ್ರಿ ಕಂಪನಿಯನ್ನು ಗೊತ್ತುಮಾಡಿದರು. ವ್ಯಾನು ಬಾಗಿಲಿಗೇ ಬರುತ್ತದಂತೆ, ಪ್ರತಿ ಬಟ್ಟೆಗೂ ನಂಬರಂತೆ, ತಪ್ಪಾಗುವ ಮಾತೇ ಇಲ್ಲವಂತೆ. ಭಾನುವಾರದ ಸಭೆಯಲ್ಲಿ ಜನ ಒಪ್ಪಿದರೆ ಇಸ್ತ್ರಿಯಮ್ಮ ಮೂಲೆ ಖಾಲಿ ಮಾಡಬೇಕು.

ಪರರ ಉಸಾಬರಿಗೆ ಹೋಗಿ ನಮ್ಮ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಎಂದು ಗಂಡನ ಮುಂದೆ ಅತ್ತಳು. ಕೈತಪ್ಪಿ ಆಯಿತು ಎಂದಷ್ಟೇ ಹೇಳು, ಬೇಕೆಂದೇ ಮಾಡಿದ್ದು ಅಂತ ಅಪ್ಪಿತಪ್ಪಿಯೂ ಬಾಯಿ ಬಿಡಬೇಡ ಎಂದು ಅವನು ಬುದ್ಧಿ ಹೇಳಿ ಕಳಿಸಿದ.

ಸಭೆ ನಡೆದದ್ದು ಮೆಟ್ಟಿಲ ಬುಡದಲ್ಲೇ. ಕಾರ್ಯದರ್ಶಿಗಳು ಒಬ್ಬೊಬ್ಬರಾಗಿ ದೂರು ಹೇಳಿ ಎಂದರು. ಅಜ್ಜಿ ಅಂಗಿಯ ವಿಷಯ ತೆಗೆದವರು ಹೆರಿಗೆ ಆಸ್ಪತ್ರೆಯವರೆಗೂ ಹೋದರು. ಮೇಷ್ಟ್ರು ಕೋಟಿನ ಕಥೆ ಹೇಳುತ್ತ ಕಣ್ಣೊರೆಸಿಕೊಂಡರು. ಪ್ಯಾಂಟಿನ ಯುವಕನೂ ಎದ್ದ. ಆವತ್ತು ಎದುರುಮನೆಯವರ ಪ್ಯಾಂಟು ಬೇಡಿ ಹಾಕಿಕೊಂಡು ಹೋದನಂತೆ, ಇಂಟರ್‌ವ್ಯೂ ಮುಗಿಯುವವರೆಗೂ ಅದು ಜಾರದ ಹಾಗೆ ಹಿಡಿದುಕೊಂಡೇ ಕೂತಿದ್ದನಂತೆ, ಆದರೂ ಕೆಲಸ ಸಿಕ್ಕಿತಂತೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೂರು ಮಾತ್ರ ಯಾರೂ ಹೇಳಲಿಲ್ಲ.

ಆ ನಗು ಕೇಳುತ್ತ ಇಸ್ತ್ರಿಯಮ್ಮನಿಗೆ ಗಂಡ ಹೇಳಿಕೊಟ್ಟ ಸುಳ್ಳು ಬಾಯಿಗೆ ಬರಲಿಲ್ಲ.

"ಕೈತಪ್ಪಿ ಆಗಿದ್ದಲ್ಲ ಇದು," ಎಂದಳು. "ಮೊದಲನೇದು ಬಿಟ್ರೆ ಎಲ್ಲಾ ನಾನು ಬೇಕಂತಲೇ ಮಾಡಿದ್ದು. ಕಳಿಸೋದಾದ್ರೆ ಕಳಿಸಿಬಿಡಿ."

ಅಜ್ಜಿ ನಕ್ಕು, "ಅದು ನಮಗೆ ಯಾವಾಗಲೋ ಗೊತ್ತಾಗಿದೆ ಕಣೇ," ಎಂದರು. "ಮೇಷ್ಟ್ರ ಪೈಜಾಮಕ್ಕೂ ನನ್ನ ದಿಂಬಿನ ಕವರಿಗೂ ವ್ಯತ್ಯಾಸ ತಿಳಿಯದಷ್ಟು ನಿನ್ನ ಕಣ್ಣು ಕೆಟ್ಟಿಲ್ಲ."

ಲಾಂಡ್ರಿ ಬೇಕೆನ್ನುವವರು ಕೈ ಎತ್ತಿ ಎಂದು ಕಾರ್ಯದರ್ಶಿಗಳು ಹೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಇಸ್ತ್ರಿಯಮ್ಮನ ಹೋದ ಜೀವ ಬಂದಂತಾಯಿತು.

ಜನ ಹರಟುತ್ತ ಮೇಲೆ ಹೋದರೂ ಕಾರ್ಯದರ್ಶಿಗಳು ಹೋಗಲಿಲ್ಲ. ಈಗ ಶುರುವಾಯಿತು ಮಂಗಳಾರತಿ ಎಂದುಕೊಂಡು ಅವಳು ಕೈಕಟ್ಟಿ ನಿಂತಳು. ಅವರು ಕಂಬಳಿಯ ಅಂಚನ್ನು ಸುಮ್ಮನೆ ಸವರುತ್ತ ನಿಂತಿದ್ದು, ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ಅಲ್ಲಮ್ಮ, ಎಲ್ಲರ ಹತ್ತಿರನೂ ಹೇಳೋದಕ್ಕೆ ಒಂದೊಂದು ಕಥೆ ಇತ್ತು. ನನ್ನ ಮನೆಗೆ ಮಾತ್ರ ಒಂದ್ಸಲನೂ ಬೇರೆಯವರ ಬಟ್ಟೆ ಬರಲಿಲ್ಲವಲ್ಲ, ಯಾಕೆ?"

ಅವಳಿಗೆ ಸುಳ್ಳು ಹೇಳಲು ಈಗಲೂ ಮನಸ್ಸಾಗಲಿಲ್ಲ.

"ನಿಮ್ಮನ್ನ ಕಂಡ್ರೆ ಭಯ ಆಗ್ತಿತ್ತು ಸರ್."

ಅವರು ತಲೆಯಾಡಿಸಿದರು. ಮೆಟ್ಟಿಲು ಹತ್ತಲು ಹೊರಟವರು ಪಕ್ಕದ ಕಂಬಿ ಹಿಡಿದು ತಿರುಗಿ ನಿಂತರು.

"ಇನ್ಮೇಲೆ ಭಯ ಪಡಬೇಡಮ್ಮ," ಎಂದರು.