ನಾನು ಕತ್ತರಿಸಿದ ಸಾಲುಗಳು

ಚಳ್ಳಕೆರೆಯ ನಮ್ಮ ಪುಟ್ಟ ಬಾನುಲಿ ಕೇಂದ್ರದ ಬಗ್ಗೆ ಈಗ ಎಲ್ಲರಿಗೂ ಎಲ್ಲಿಲ್ಲದ ಹೆಮ್ಮೆ. ಮುಚ್ಚಿದ ಮೇಲೆ ಹುಟ್ಟಿದ ಹೆಮ್ಮೆ ಇದು. ಎಣ್ಣೆ ಮಿಲ್ಲಿನ ಮಹಡಿಯಲ್ಲಿ ಎರಡು ಕೋಣೆ, ಸದ್ದು ತಡೆಯಲು ಗೋಡೆ ತುಂಬ ಮೊಟ್ಟೆಯ ಟ್ರೇ, ಜನಪದ ಹಾಡಿಗೆಂದು ದಿನಕ್ಕೆ ಎರಡು ಗಂಟೆ. ಆಮೇಲೆ ಅದು ಒಂದು ಗಂಟೆಯಾಯಿತು, ಆಮೇಲೆ ಸಿನಿಮಾ ಹಾಡು ಬಂತು, ಆಮೇಲೆ ಬೀಗ. ಅಲ್ಲಿ ಧ್ವನಿ ಸಂಕಲನ ಮಾಡುತ್ತಿದ್ದವನು ನಾನು. ಮೊನ್ನೆ ಹಳಬರಿಗೆಲ್ಲ ಶಾಲು ಹೊದಿಸುತ್ತೇವೆ ಬನ್ನಿ ಅಂತ ಕರೆದರು. ನಾನು ಹೋಗಲಿಲ್ಲ.

ಕೇಂದ್ರ ಶುರುವಾದ ಹೊಸದರಲ್ಲಿ ಸಿದ್ದಾಪುರದ ನಮ್ಮ ಮನೆಯಿಂದ ಅವ್ವನನ್ನೂ ಪಕ್ಕದ ಮನೆಯ ಅತ್ತೆಯನ್ನೂ ಸೋಬಾನೆ ಹಾಡಿಸಲು ಕರೆದುಕೊಂಡು ಬಂದಿದ್ದೆ. ಸೋಬಾನೆಯನ್ನು ನಮ್ಮಲ್ಲಿ ಒಬ್ಬರೇ ಹಾಡುವುದಿಲ್ಲ. ಮುಂದಿನವಳು ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ, ಹಿಂದಿನವಳು ಅದೇ ಸಾಲನ್ನು ತಿರುಗಿ ಹೇಳುತ್ತಾಳೆ. ಅಷ್ಟರಲ್ಲಿ ಮುಂದಿನವಳಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲೂ ನೆನಪಾಗುತ್ತದೆ. ಅತ್ತೆ ಯಾವಾಗಲೂ ಮುಂದೆ. ಅವ್ವ ಜೀವಮಾನವೆಲ್ಲ ಹಿಂದೆಯೇ ಹಾಡಿದವಳು.

ಮೇಲ್ವಿಚಾರಕರು ಐದು ನಿಮಿಷ ಕೇಳಿ ಹೆಡ್‌ಫೋನ್ ಕಿತ್ತಿಟ್ಟರು.

"ಅದೇ ಸಾಲು ಎರಡೆರಡು ಸಲ ಯಾಕಪ್ಪ? ಹಿಂದಿಂದು ತೆಗೆದ್ಬಿಡು. ಅರ್ಧ ಗಂಟೇಲಿ ಕೂರ್ತೈತೆ."

ಅವರನ್ನು ಬೈದುಕೊಂಡು ಹಗುರಾಗಬಹುದು. ಆದರೆ ಬೇಡ ಅನ್ನಲು ನನಗೂ ಬಾಯಿತ್ತು, ಅನ್ನಲಿಲ್ಲ. ಒಂದೊಂದೇ ಸಾಲು ಹುಡುಕಿ ತೆಗೆದೆ. ಎಲ್ಲಿ ಕತ್ತರಿಸಿದ್ದಾನೆ ಅಂತ ಗೊತ್ತೇ ಆಗಲ್ಲ ಅಂತ ಅವರು ಬೆನ್ನು ತಟ್ಟಿದಾಗ ಉಬ್ಬಿಹೋದೆ. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಮೂಲ ಧ್ವನಿಮುದ್ರಣವನ್ನೂ ಅಳಿಸಿದೆ.

ಪ್ರಸಾರದ ದಿನ ಊರಲ್ಲಿದ್ದೆ. ಅವ್ವ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟುಕೊಂಡು ರೇಡಿಯೋ ಮುಂದೆ ಕೂತಿದ್ದಳು, ಅದು ಅವಳನ್ನು ನೋಡುತ್ತದೇನೋ ಎಂಬಂತೆ. ಹಾಡು ಮುಗಿಯಿತು.

"ನಾನು ಎಲ್ಲೈದೀನಿ ಇದ್ರಾಗೆ?" ಅಂದಳು.

"ಟೈಮ್ ಸಾಲಲಿಲ್ಲವ್ವ. ನೀನು ಹೇಳಿದ್ದೂ ಅದೇ ಸಾಲಲ್ವಾ?"

"ಹಂಗಾರೆ ಅವ್ಳು ಯಾರ್ ಜತೆ ಹಾಡ್ತಾ ಅವ್ಳೆ?"

ನಾನು ನಕ್ಕುಬಿಟ್ಟೆ. ಅವ್ವ ಎದ್ದು ಸೀರೆ ಬದಲಿಸಲು ಒಳಗೆ ಹೋದಳು. ಆಮೇಲೆ ಆ ಕೇಂದ್ರದ ಮಾತನ್ನು ಅವಳು ಎತ್ತಲೇ ಇಲ್ಲ.

ಅವ್ವ ಹೋಗಿ ಎರಡು ವರ್ಷವಾಯಿತು. ಫೋಟೋಗಳಿವೆ, ದನಿ ಇಲ್ಲ. ಫೋನಿನಲ್ಲಿ ಅವಳು ಹೂಂ ಅಂದದ್ದೇ ಹೆಚ್ಚು, ಅದನ್ನು ಇಟ್ಟುಕೊಳ್ಳಬೇಕು ಅಂತ ನನಗೆ ಹೊಳೆದಿರಲೂ ಇಲ್ಲ. ಮಂದಿಯ ದನಿ ಉಳಿಸುವುದೇ ಕೆಲಸವಾಗಿದ್ದವನ ಕತೆ ಇದು. ಅತ್ತೆಯ ಅರ್ಧ ಗಂಟೆ ಮಾತ್ರ ನನ್ನ ಹತ್ತಿರ ಚೊಕ್ಕವಾಗಿದೆ.

ಹೋದ ತಿಂಗಳು ಸಿದ್ದಾಪುರಕ್ಕೆ ಹೋಗಿ ಅತ್ತೆಯ ಎದುರು ಕೂತೆ. ಅವ್ವ ಹೆಂಗೆ ಹಾಡ್ತಿದ್ಲು ಒಸಿ ತೋರ್ಸು ಅತ್ತೆ ಅಂದೆ. ಅತ್ತೆ ಕಣ್ಣು ಮುಚ್ಚಿ ಒಂದು ಸಾಲು ಹಾಡಿ, ಅಭ್ಯಾಸದಂತೆ ನಿಲ್ಲಿಸಿದಳು. ಕಾದಳು. ಕಣ್ಣು ತೆರೆದು ನನ್ನ ಮುಖ ನೋಡಿದಳು.

"ಹೇಳಪ್ಪ, ಹಿಂದಿಂದು."

ಆ ನಿಲುಗಡೆ ಎಷ್ಟು ಉದ್ದ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದರೊಳಗೆ ಅವ್ವ ಹೇಗೆ ಹಾಡುತ್ತಿದ್ದಳು ಅಂತ ನೆನಪಿರಲಿಲ್ಲ.