ಕೋರ್ಟಿಗೆ ಹೋದ ಗೃಹಪ್ರವೇಶದ ಫೋಟೋ

ಬಸವನಗುಡಿಯಲ್ಲಿ ನಾನು ಕಟ್ಟಿಕೊಟ್ಟ ಮನೆಯ ಯಜಮಾನರು ಕೊನೆಯ ಕಂತು ಕೊಡದೆ ಎರಡು ವರ್ಷ ಸತಾಯಿಸಿದರು. ಕೇಸು ಹಾಕಿದೆ. ಕರಾರುಪತ್ರವೇನೂ ಇರಲಿಲ್ಲ; ಬಾಯಿಮಾತಿನ ಮೇಲೇ ಕೆಲಸ ಹಿಡಿಯುವ ಮೇಸ್ತ್ರಿ ನಾನು.

ಕಟಕಟೆಯಲ್ಲಿ ನಿಂತು ಅವರು, "ಈ ಮನುಷ್ಯನ್ನ ನಾನು ನೋಡೇ ಇಲ್ಲ ಸ್ವಾಮಿ," ಎಂದುಬಿಟ್ಟರು. ವರ್ಷವಿಡೀ ದಿನಾ ನನ್ನ ತಲೆ ತಿಂದ ಮನುಷ್ಯ! ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ವಕೀಲರು ಮಾತ್ರ ನಗುತ್ತಾ ಒಂದು ಫೋಟೋ ಮುಂದಿಟ್ಟರು. ಗೃಹಪ್ರವೇಶದ ದಿನ ಮನೆ ಕಟ್ಟಿದ ಮೇಸ್ತ್ರಿಗೆ ಶಲ್ಯ ಹೊದಿಸುವುದು ನಮ್ಮಲ್ಲಿ ವಾಡಿಕೆ. ಫೋಟೋದಲ್ಲಿ ಅದೇ ಯಜಮಾನರು ಹಲ್ಲು ಕಿರಿಯುತ್ತಾ ನನಗೆ ಶಲ್ಯ ಹೊದಿಸುತ್ತಿದ್ದರು.

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. "ನೋಡೇ ಇಲ್ದಿರೋರಿಗೆ ಶಲ್ಯ ಹೊದಿಸ್ತೀರೇನ್ರಿ?"

ಸಿಟ್ಟಿನಲ್ಲಿ ಆ ಫೋಟೋವನ್ನು ನಾನು ಎಂದೋ ಒಡೆದುಹಾಕುತ್ತಿದ್ದೆ. ಅದರಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಡತಿ, "ನನ್ ಸೀರೆ ಚೆನ್ನಾಗ್ ಬಂದಿದೆ, ಮುಟ್ಬೇಡಿ," ಎಂದು ಚಾಮರಾಜಪೇಟೆಯ ನಮ್ಮ ಮನೆಯ ಗೋಡೆಯ ಮೇಲೆ ಉಳಿಸಿಕೊಂಡಿದ್ದಳು.

ಕೇಸು ಗೆದ್ದೆ, ಹಣವೂ ಬಂತು. ಮೈಸೂರುಪಾಕು ಹಿಡಿದು ಮನೆಗೆ ಹೋದರೆ ಅವಳು ಗೋಡೆಯ ಖಾಲಿ ಮೊಳೆ ತೋರಿಸಿದಳು. ಫೋಟೋ ಇನ್ನೂ ಕೋರ್ಟಿನ ಕಡತದಲ್ಲೇ ಇತ್ತು.

"ನಿಮ್ ದುಡ್ಡೇನೋ ಬಂತು. ನನ್ ಸೀರೆಗೆ ಬಿಡುಗಡೆ ಯಾವಾಗ?"